ಏಳು ದಿನ ಕೆಟ್ಟ ಫಿಲ್ಟರು

ಜಯಲಕ್ಷ್ಮಿಪುರಂನ ಒಂದು ಮನೆಗೆ ನೀರಿನ ಫಿಲ್ಟರ್ ರಿಪೇರಿಗೆ ಹೋಗಿದ್ದೆ. ಬಾಗಿಲು ತೆಗೆದ ರಿಟೈರ್ಡ್ ಟೀಚರ್ ಸ್ಟೆಲ್ಲಮ್ಮ, ಟವೆಲಿನಲ್ಲಿ ಸುತ್ತಿದ್ದ ಗಿನಿಪಿಗ್ಗನ್ನು ನನ್ನ ಕೈಗಿಟ್ಟರು. ಒಣಹುಲ್ಲು ಚುಚ್ಚಿ ಅದರ ಕಣ್ಣು ಕೆಂಪಗಾಗಿತ್ತು.

"ಫಿಲ್ಟರ್ ಆಮೇಲೆ. ಮೊದ್ಲು ಇವನನ್ನ ಹಿಡ್ಕೊಳಪ್ಪ. ಡ್ರಾಪ್ಸ್ ಹಾಕದಿದ್ರೆ ಕಣ್ಣು ಹೋಗುತ್ತೆ ಅಂದಿದ್ದಾರೆ ಡಾಕ್ಟ್ರು."

ಅವರ ಕೈ ನಡುಗಿ ಮೂರು ಹನಿ ನನ್ನ ಹೆಬ್ಬೆರಳಿಗೇ ಬಿದ್ದವು. "ನೀವು ಹಿಡ್ಕೊಳ್ಳಿ, ನಾನು ಹಾಕ್ತೀನಿ" ಅಂದೆ. ಅವರು ಶಿಲುಬೆ ಗುರುತು ಹಾಕಿಕೊಂಡು ಅದನ್ನು ಎದೆಗವಚಿಕೊಂಡರು. ಹನಿ ಸರಿಯಾಗಿ ಕಣ್ಣಿಗೇ ಬಿತ್ತು. "ಆಯ್ತು ಕಣೋ, ಆಯ್ತು" ಅಂದರು. ಅದಕ್ಕೋ ನನಗೋ, ಗೊತ್ತಾಗಲಿಲ್ಲ.

ಮಾರನೇ ದಿನ ಅದೇ ಮನೆಯಿಂದ ಮತ್ತೆ ಕಂಪ್ಲೇಂಟು. ಹೋದರೆ ಫಿಲ್ಟರ್ ಚೆನ್ನಾಗೇ ಇತ್ತು, ಸ್ಟೆಲ್ಲಮ್ಮ ಟವೆಲ್ ಹಿಡಿದು ಕೂತಿದ್ದರು.

"ನಿಮ್ಮ ಆಫೀಸಿಗೆ ಇನ್ನೇನಂತ ಹೇಳ್ಲಿ ಕಣಪ್ಪ?"

ಡಾಕ್ಟರು ಬರೆದಿದ್ದು ಏಳು ದಿನದ ಡ್ರಾಪ್ಸು. ನಮ್ಮ ರಿಜಿಸ್ಟರಿನಲ್ಲಿ ಆ ಫಿಲ್ಟರು ಏಳು ದಿನವೂ ಕೆಟ್ಟಿದೆ.