ಒಡೆದ ಹಡಗಿನ ಹಾಡು

ವಯೊಲಿನ್ನಿನ ಕಮಾನಿಗೆ ಉಜ್ಜುವ ರಾಳದ ವಾಸನೆ ಇಗರ್ಜಿಯ ಧೂಪಕ್ಕೂ ಆಗಷ್ಟೇ ಸೀಳಿದ ಮರಕ್ಕೂ ನಡುವಿನದು. ಕೊಲ್ಲಿ ದೇಶದ ಈ ಊರಿನ ಅಲ್ ಹಿಲಾಲ್‌ನಲ್ಲಿ ನನ್ನ ಹತ್ತಿರ ಪಾಠಕ್ಕೆ ಬರುವ ಹುಡುಗಿಯೊಬ್ಬಳು ಕಳೆದ ವಾರ ಹೊಸ ರಾಳದ ಡಬ್ಬಿ ತೆರೆದಾಗ ನಾನು ಪಾಠ ನಿಲ್ಲಿಸಿ ಕಿಟಕಿಯ ಹತ್ತಿರ ಹೋಗಿ ನಿಂತೆ. ಆ ವಾಸನೆಯ ಜೊತೆ ನನ್ನ ಎಂಟನೆಯ ವರ್ಷವೂ ಬರುತ್ತದೆ. ಇದೇ ಊರಿನ ಅಲ್ ಮುಂತಜಾದ ಹಳೆಯ ಕಟ್ಟಡದ ಮೂರನೆಯ ಮಹಡಿ, ಗುರುಗುಟ್ಟುವ ಕಿಟಕಿ ಏಸಿ, ಬಂಗುಡೆ ಹುರಿದ ಎಣ್ಣೆಯ ಕಮಟು, ನಡುಮನೆಯಲ್ಲಿ ಗಲ್ಲಕ್ಕೆ ವಯೊಲಿನ್ ಆನಿಸಿಕೊಂಡು ನಿಂತ ಮಮ್ಮಿ. ನಿಮಗೂ ಇಂಥದ್ದೊಂದು ಮನೆ ಇದ್ದೀತು, ಈಗ ಯಾವ ವಿಳಾಸದಲ್ಲೂ ಸಿಗದ ಮನೆ.

ಮಮ್ಮಿ ಮದುವೆಗೆ ಮುಂಚೆ ಬಂಟ್ವಾಳದ ಕಡೆಯ ಶಾಲೆಯೊಂದರಲ್ಲಿ ಕನ್ನಡ ಟೀಚರ್ ಆಗಿದ್ದಳು. ಮನೆಮಾತು ಕೊಂಕಣಿಯಾದರೂ ಅವಳು ಬರೆಯುತ್ತಿದ್ದುದು ಕನ್ನಡದಲ್ಲಿ. ಅವಳಿಗೆ ವಯೊಲಿನ್ ಕಲಿಸುತ್ತಿದ್ದವರು ಪಾಸ್ಕಲ್ ಅಂಕಲ್. ಹಿಂದೆ ಮಂಗಳೂರಿನ ಇಗರ್ಜಿಯಲ್ಲಿ ನುಡಿಸುತ್ತಿದ್ದ ಅವರು ಆಗ ನಮ್ಮ ಕಟ್ಟಡದ ಕೆಳಗೇ ಚಿತ್ರಗಳಿಗೆ ಫ್ರೇಮ್ ಹಾಕುವ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಹೋಟೆಲುಗಳ ಗೋಡೆಗೆಂದು ಅಲ್ಲಿಗೆ ಯುರೋಪಿನ ಹಳೆಯ ಚಿತ್ರಗಳ ಪ್ರತಿಗಳು ಬರುತ್ತಿದ್ದವು. ಮೂಲೆ ಹರಿದದ್ದೊಂದಕ್ಕೆ ಗಾಜು ಹಾಕಿ ನಮಗೆ ತಂದುಕೊಟ್ಟರು. ಕಪ್ಪು ಸಮುದ್ರ, ಮುರಿಯುತ್ತಿರುವ ಹಾಯಿಕಂಬ, ಹಲಗೆಯೊಂದಕ್ಕೆ ಜೋತುಬಿದ್ದ ಹೆಂಗಸು. "ಈ ಚಿತ್ರ ನೋಡಿ ಒಬ್ಬ ಕವಿ ಪದ್ಯ ಬರೆದ. ಪದ್ಯ ಓದಿ ಇನ್ನೊಬ್ಬ ಮ್ಯೂಸಿಕ್ ಮಾಡಿದ. ಮೂವರೂ ಒಬ್ಬರ ಮುಖ ಒಬ್ಬರು ನೋಡಿದವರಲ್ಲ," ಎಂದರು. ಚಿತ್ರ ಬರೆದವನಿಗೆ ಸಿಕ್ಕಿದ್ದು ಕಂಬ ಮುರಿಯುವ ಆ ಒಂದು ಗಳಿಗೆ. ಹೆಂಗಸು ಯಾರನ್ನು ಕೂಗುತ್ತಿದ್ದಾಳೆಂದು ಹೇಳಿದ್ದು ಕವಿ. ಕೂಗು ನಿಂತ ಮೇಲೂ ನೀರು ಅಲುಗುತ್ತಲೇ ಇರುವುದು ಸಂಗೀತದಲ್ಲಿ ಮಾತ್ರ ಕೇಳಿಸುತ್ತದೆ ಎನ್ನುತ್ತ, ಕಮಾನಿನ ತುದಿಯಿಂದ ಚಿತ್ರದ ಕೆಳಗಿನ ಕತ್ತಲನ್ನು ತೋರಿಸಿ, ಆ ಕೊನೆಯ ಸ್ವರಗಳನ್ನು ನುಡಿಸಿದರು. ಇಂಗ್ಲಿಷ್ ಶಾಲೆಯಲ್ಲಿ ಕನ್ನಡ ಸಿಗದ ನನಗಾಗಿ ಮಮ್ಮಿ ಪದ್ಯವನ್ನು ಕನ್ನಡಕ್ಕೆ ತಂದಳು. ನಾನು ಕಲಿತ ಮೊದಲ ಕನ್ನಡ ಪದ್ಯ ಅದೇ.

ಡ್ಯಾಡಿ ಕಟ್ಟಡ ಕೆಲಸದ ಫೋರ್‌ಮನ್. ಅವರ ಕೈ ಏಳಲು ದೊಡ್ಡ ಕಾರಣವೇನೂ ಬೇಕಿರಲಿಲ್ಲ. ಲಿಫ್ಟಿನ ಸದ್ದು ಕೇಳಿದರೆ ಸಾಕು, ಮಮ್ಮಿ ವಯೊಲಿನ್ ಪೆಟ್ಟಿಗೆಯನ್ನು ಮಂಚದಡಿಗೆ ತಳ್ಳುತ್ತಿದ್ದಳು. ಪಾಠ ಶುಕ್ರವಾರ ಮಧ್ಯಾಹ್ನ, ಡ್ಯಾಡಿ ಓವರ್‌ಟೈಮ್‌ಗೆ ಹೋದಾಗ. ಒಂದು ಶುಕ್ರವಾರ ಪಾಸ್ಕಲ್ ಅಂಕಲ್ ಕೆಳಗಿಳಿದ ಸ್ವಲ್ಪ ಹೊತ್ತಿಗೇ ಡ್ಯಾಡಿ ಬಂದರು. ಮತ್ತೆ ಸೈಟಿಗೆ ಹೋಗಬೇಕಿದ್ದುದರಿಂದ ಬೂಟು ಬಿಚ್ಚದೆಯೇ ಊಟಕ್ಕೆ ಕುಳಿತರು. ಅವರನ್ನು ಮೆಚ್ಚಿಸಲೆಂದು ನಾನು ಪದ್ಯ ಒಪ್ಪಿಸಿದೆ.

"ಯಾರು ಕಲಿಸಿದ್ದು?"

"ಪದ್ಯ ಮಮ್ಮಿ. ಮ್ಯೂಸಿಕ್ ಪಾಸ್ಕಲ್ ಅಂಕಲ್. ಮಮ್ಮಿಯ ಕೈ ಹಿಡಿದು ಕಲಿಸ್ತಾರೆ."

ಡ್ಯಾಡಿ ಊಟದ ತಟ್ಟೆಯಲ್ಲೇ ಕೈ ತೊಳೆದು ಎದ್ದರು. ಚಿತ್ರವನ್ನು ಗೋಡೆಯಿಂದ ಕಿತ್ತು ನೆಲಕ್ಕೆ ಬಡಿದರು. ಮಂಚದಡಿಯ ಪೆಟ್ಟಿಗೆಯನ್ನು ಹೊರಗೆಳೆದು, ವಯೊಲಿನ್ನಿನ ಕತ್ತು ಹಿಡಿದು ಬಾಗಿಲ ಚೌಕಟ್ಟಿಗೆ ಅಪ್ಪಳಿಸಿದರು, ತಂತಿಗೆ ಜೋತುಬಿದ್ದ ಚೂರುಗಳಷ್ಟೇ ಉಳಿಯುವ ತನಕ. ಮಮ್ಮಿ ಚೂರುಗಳನ್ನು ಬಾಚಿಕೊಳ್ಳಲು ಬಗ್ಗಿದಳು. ಅವಳ ಎಡಗೈಯ ಮೇಲೆ ಬೂಟಿಟ್ಟು ಡ್ಯಾಡಿ ಮೈಭಾರವನ್ನೆಲ್ಲ ಹಾಕಿದರು. ಮೂಳೆಯ ಸದ್ದು ಮರದ ಸದ್ದಿಗಿಂತ ಸಣ್ಣದು. ಅವಳ ಬಾಯಿ ತೆರೆಯಿತು, ದನಿ ಬರಲಿಲ್ಲ; ಗಾಜಿನ ಚೂರುಗಳ ನಡುವೆ ಬಿದ್ದಿದ್ದ ಚಿತ್ರದ ಹೆಂಗಸಿನ ಬಾಯಿಯೂ ಹಾಗೆಯೇ ತೆರೆದಿತ್ತು. ಕಿರುಚಿದವಳು ನಾನು.

ಎದುರು ಮನೆಯ ನಫೀಸಕ್ಕ, ಉಳ್ಳಾಲದ ಬ್ಯಾರಿ ಹೆಂಗಸು, ಗಾಜನ್ನೂ ಲೆಕ್ಕಿಸದೆ ಬರಿಗಾಲಲ್ಲಿ ಒಳಗೆ ಬಂದರು. "ಖಲಾಸ್, ಸಾಕು ವಲೇರಿಯನ್. ಕಾಲು ತೆಗಿ. ಇಲ್ಲದಿದ್ರೆ ಈಗಲೇ ಪೊಲೀಸಿಗೆ ಫೋನ್ ಮಾಡ್ತೇನೆ, ನೋಡು."

ಡ್ಯಾಡಿ ಅವರನ್ನು ದೂಡಿಕೊಂಡು ಕೆಳಗಿಳಿದರು. ಅಂಗಡಿಯಲ್ಲಿದ್ದ ಮರದ ಪಟ್ಟಿಯಿಂದಲೇ ಪಾಸ್ಕಲ್ ಅಂಕಲ್ ತಲೆಗೆ ಹೊಡೆದರಂತೆ. ಅವರ ಬಲಗಿವಿ ಮತ್ತೆ ಕೇಳಿಸಲಿಲ್ಲ. ಆಸ್ಪತ್ರೆಯಲ್ಲಿ ಏಣಿಯಿಂದ ಬಿದ್ದೆನೆಂದು ಹೇಳಿದರು. ನಿಜ ಹೇಳಿದ್ದರೆ ಮಮ್ಮಿಯ ಹೆಸರೂ ಬರುತ್ತಿತ್ತು. ತಿಂಗಳೊಳಗೆ ಊರಿಗೆ ಹೊರಟುಹೋದರು. ನಾನು ಅವರನ್ನು ಮತ್ತೆಂದೂ ನೋಡಲಿಲ್ಲ.

ನಮ್ಮ ವೀಸಾ ಇದ್ದದ್ದು ಡ್ಯಾಡಿಯ ಮೇಲೆ, ಅವರನ್ನು ಬಿಟ್ಟರೆ ಇಲ್ಲಿ ಉಳಿಯುವಂತಿರಲಿಲ್ಲ. ನಫೀಸಕ್ಕನ ಮನೆಯಲ್ಲಿ ಎರಡು ವಾರ ಇದ್ದು ಎದುರಿನ ಬಾಗಿಲಿಗೇ ಮರಳಿದೆವು. ಡ್ಯಾಡಿ ಅತ್ತರು, ಹೊಸ ವಯೊಲಿನ್ ತಂದರು. ಮಮ್ಮಿಯ ಎರಡು ಬೆರಳು ಮಡಚುತ್ತಿರಲಿಲ್ಲ. ಅವಳು ಅದನ್ನು ನನ್ನ ಗಲ್ಲಕ್ಕೆ ಆನಿಸಿದಳು. ಚಿತ್ರ ಇರಲಿಲ್ಲ, ಸ್ವರ ಬರೆದ ಹಾಳೆಗಳು ಚಿಂದಿಯಾಗಿದ್ದವು. ಅವಳು ಪದ್ಯ ಹೇಳುತ್ತ ಹೋದಳು, ನಾನು ಅದರ ಏರಿಳಿತ ಹಿಡಿದು ಸ್ವರ ಹುಡುಕುತ್ತ ಹೋದೆ. ಆಮೇಲೂ ಏಟುಗಳು ಬಿದ್ದವು, ಒಮ್ಮೆ ಬಾಗಿಲ ಚಿಲಕಕ್ಕೆ ತಾಗಿ ಅವಳ ಹುಬ್ಬು ಸೀಳಿತು. ಮರುದಿನ ಪಟ್ಟಿ ಕಟ್ಟಿಕೊಂಡೇ ಅವಳು ನನ್ನ ಹಿಂದೆ ನಿಂತು ಕಮಾನಿನ ಕೈಯನ್ನು ತಿದ್ದಿದಳು.

ಮೂರು ವರ್ಷದ ಹಿಂದೆ ಮಮ್ಮಿ ತೀರಿಕೊಂಡಳು. ಕೊನೆಯ ದಿನಗಳಲ್ಲಿ, ಆಸ್ಪತ್ರೆಯಲ್ಲಿ ಒಂದು ಬೆಳಿಗ್ಗೆ, ಅವಳ ಆ ಕೈಗೆ ಎಣ್ಣೆ ಹಚ್ಚುತ್ತಿದ್ದಾಗ, ಅಷ್ಟು ವರ್ಷ ನುಂಗಿಕೊಂಡಿದ್ದನ್ನು ಹೇಳಿಬಿಟ್ಟೆ. "ಅವತ್ತು ಹೇಳಿದ್ದು ನಾನು ಮಮ್ಮಿ. ನನ್ನಿಂದಲೇ ಆದದ್ದು."

ಅವಳು ಇನ್ನೊಂದು ಕೈಯನ್ನು ನನ್ನ ಕೈಮೇಲಿಟ್ಟಳು. "ನೀನು ಹೇಳದಿದ್ರೆ ಅವತ್ತು ಡ್ಯಾಡಿಗೆ ಸಾರಲ್ಲಿ ಉಪ್ಪು ಹೆಚ್ಚಾಗಿರ್ತಿತ್ತು, ಅಷ್ಟೇ. ಇಷ್ಟು ವರ್ಷ ಇದನ್ನು ಇಟ್ಟುಕೊಂಡಿದ್ಯಾ ಮಗಾ?"

ಅಲ್ ಮುಂತಜಾದ ಆ ಕಟ್ಟಡವನ್ನು ಕೆಡವಿದ್ದಾರೆ. ಅಲ್ಲೀಗ ಕಾರು ನಿಲ್ಲಿಸುತ್ತಾರೆ. ನಫೀಸಕ್ಕ ಉಳ್ಳಾಲದಲ್ಲಿ ಮೊಮ್ಮಕ್ಕಳೊಂದಿಗಿದ್ದಾರೆ. ಡ್ಯಾಡಿ ಊರ ಹೊರಗಿನ ಕಾರ್ಮಿಕರ ವಸತಿ ಬರ್ವಾ ಅಲ್ ಬರಾಹಾದಲ್ಲಿ ಇನ್ನೊಬ್ಬರ ಜೊತೆ ಕೋಣೆ ಹಂಚಿಕೊಂಡು ಸ್ಟೋರ್ ಕೀಪರ್ ಕೆಲಸದ ಕೊನೆಯ ವರ್ಷಗಳನ್ನು ಕಳೆಯುತ್ತಿದ್ದಾರೆ. ಹೋದ ಶುಕ್ರವಾರ ಮೀನುಸಾರು ತೆಗೆದುಕೊಂಡು ಹೋಗಿದ್ದೆ. ಉಂಡರು. "ಅವಳು ನನ್ನ ವಿಷಯ ಏನಾದ್ರೂ ಹೇಳಿದ್ಳಾ?" ಎಂದು ಕೇಳಿದರು. "ಇಲ್ಲ," ಎಂದೆ. ಅವರು ತಲೆಯಾಡಿಸಿದರು. ಸ್ವಲ್ಪ ಹೊತ್ತಿಗೆ ಕುರ್ಚಿಯಲ್ಲೇ ನಿದ್ದೆ ಹೋದರು. ಪಾತ್ರೆಗಳನ್ನು ಒಂದಕ್ಕೊಂದು ತಾಗದಂತೆ ಎತ್ತಿ ಚೀಲಕ್ಕೆ ಹಾಕಿಕೊಂಡೆ, ಚಪ್ಪಲಿ ಕೈಯಲ್ಲಿ ಹಿಡಿದೆ, ಚಿಲಕ ಸದ್ದಾಗದಂತೆ ಬಾಗಿಲೆಳೆದುಕೊಂಡು ಬಂದೆ. ಡ್ಯಾಡಿ ಇರುವಲ್ಲಿ ಸದ್ದಿಲ್ಲದೆ ನಡೆಯುವುದನ್ನು ನಾನು ಎಂಟು ವರ್ಷಕ್ಕೇ ಕಲಿತಿದ್ದೆ.