ಬಲಕ್ಕೆ ಹೊಲಿದ ವೀರಗಲ್ಲುಗಳು

ಮೊನ್ನೆ ಮಗಳ ಶಾಲೆಯ ಪ್ರಾಜೆಕ್ಟಿಗೆ ಅಂಟು ತೀರಿಹೋಗಿತ್ತು. ಅಂಗಡಿಗೆ ಹೋಗಲು ಸೋಮಾರಿತನ. ಒಂದು ಹಿಡಿ ಮೈದಾ ನೀರಿಗೆ ಕಲಸಿ ಒಲೆಯ ಮೇಲಿಟ್ಟೆ. ಹಿಟ್ಟು ಬೆಂದು ಗಂಜಿಯಾಗುವಾಗ ಎದ್ದ ವಾಸನೆ... ಸೌಟು ತಿರುಗಿಸುವುದನ್ನೇ ಮರೆತು ನಿಂತೆ. ಇದೇ ಮೈದಾ ಅಂಟಿನಲ್ಲಿ ಪುಸ್ತಕ ಕಟ್ಟುತ್ತಿದ್ದ ಶಿವಾಜಿನಗರದ ಬೈಂಡಿಂಗ್ ಚಾಚಾ ನೆನಪಾದರು.

ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ, ಎರಡು ಬಟ್ಟೆ ಅಂಗಡಿಗಳ ನಡುವೆ ಅವರ ಜಾಗ. ಅಲ್ಲಿ ಒಬ್ಬರು ಕೂತರೆ ಇನ್ನೊಬ್ಬರು ನಿಂತೇ ಇರಬೇಕು. ಹೆಸರು ನಾನು ಕೇಳಲಿಲ್ಲ. ಗಲ್ಲಿಯವರೆಲ್ಲ ಚಾಚಾ ಅನ್ನುತ್ತಿದ್ದರು, ನಾನೂ ಅಂದೆ. ನಮ್ಮ ಪರಿಚಯ ಒಟ್ಟು ಎರಡು ದಿನದ್ದು: ನನ್ನ ಎಂ.ಎ. ಪ್ರಬಂಧ ಬೈಂಡಿಂಗಿಗೆ ಕೊಟ್ಟ ದಿನ, ತಂದ ದಿನ.

ಆಗ ನನಗೆ ನಲವತ್ತನಾಲ್ಕು. ಇಂದಿರಾನಗರದ ಒಂದು ಕಂಪನಿಯಲ್ಲಿ ಆರೋಗ್ಯ ವಿಮೆಯ ಅರ್ಜಿಗಳನ್ನು ಪರಿಶೀಲಿಸುವ ಕೆಲಸ. ಜೊತೆಯವರೆಲ್ಲ ಡೇಟಾ, ಕ್ಲೌಡ್ ಅಂತ ಕೋರ್ಸು ಮಾಡಿಕೊಳ್ಳುತ್ತಿದ್ದಾಗ ನಾನು ದೂರಶಿಕ್ಷಣದಲ್ಲಿ ಶಾಸನಶಾಸ್ತ್ರದ ಎಂ.ಎ.ಗೆ ಸೇರಿದ್ದೆ. ದೊಡ್ಡ ಕಾರಣವೇನೂ ಇರಲಿಲ್ಲ. ಕೆ.ಆರ್.ಪುರದ ಹತ್ತಿರ ಪಂಕ್ಚರ್ ಅಂಗಡಿಯ ಹಿಂದೆ ಒಂದು ವೀರಗಲ್ಲು ಕಂಡಿದ್ದೆ. ಅದರ ಮೇಲಿದ್ದದ್ದು ನಮ್ಮ ಕನ್ನಡವೇ, ಆದರೆ ಒಂದಕ್ಷರವೂ ಓದಲು ಬರಲಿಲ್ಲ. ನನಗೆ ವಿಪರೀತ ಸಿಟ್ಟು ಬಂತು. ಅಷ್ಟೇ.

ಇದನ್ನು ಹಾಗೆಯೇ ಹೇಳುವ ಧೈರ್ಯ ಇರಲಿಲ್ಲ. ಅತ್ತೆಗೆ, ಮುಂದೆ ಲೆಕ್ಚರರ್ ಆಗಬಹುದು ಅಂದೆ. ಮ್ಯಾನೇಜರಿಗೆ, ಸೂಕ್ಷ್ಮವಾಗಿ ಓದುವುದು ಇದರಿಂದ ಅಭ್ಯಾಸವಾಗುತ್ತೆ ಸಾರ್, ನಮ್ಮ ಕೆಲಸಕ್ಕೇ ಒಳ್ಳೇದು ಅಂದೆ. ಗಂಡನಿಗೆ ಹೇಳಿದ್ದು ಇನ್ನೊಂದು ಸುಳ್ಳು, ಅದು ಈಗ ನನಗೇ ನೆನಪಿಲ್ಲ! ಇದರಿಂದ ಏನು ಉಪಯೋಗ ಅಂತ ನಾನೂ ಕದ್ದು ಕದ್ದು ತೂಗಿ ನೋಡುತ್ತಿದ್ದೆ. ಕೆಲಸ ಹುಡುಕುವ ವೆಬ್‌ಸೈಟಿನಲ್ಲಿ ಶಾಸನ, ಕಲ್ಲು ಅಂತೆಲ್ಲ ಹಾಕಿದರೆ ಅದು ಗ್ರಾನೈಟ್ ಅಂಗಡಿಯ ಸೇಲ್ಸ್ ಕೆಲಸ ತೋರಿಸಿತು.

ಎರಡನೇ ವರ್ಷ ಮುಗಿಯುವ ಹೊತ್ತಿಗೆ ಆಫೀಸಿನಲ್ಲಿ ಅರ್ಧ ಜನರನ್ನು ತೆಗೆಯುತ್ತಾರೆಂಬ ಸುದ್ದಿ ಹಬ್ಬಿತು. ಹೊಸ ಕೆಲಸ ಹುಡುಕಬೇಕಾಗಿ ಬಂದರೆ ಈ ಎಂ.ಎ. ನೋಡಿ ನಗುತ್ತಾರೆ, ಬಯೋಡೇಟಾದಲ್ಲಿ ಇದನ್ನು ಮುಚ್ಚಿಡಬೇಕು, ಹಾಗಾದರೆ ಎರಡು ವರ್ಷ ಏನು ಕಡಿದು ಕಟ್ಟೆ ಹಾಕಿದೆ?

ವೀರಗಲ್ಲುಗಳ ಮೇಲಿನ ಪ್ರಬಂಧ ಒಪ್ಪಿಸುವ ಕೊನೆಯ ದಿನ. ಸಂಜೆ ಐದರೊಳಗೆ ಮೂರು ಪ್ರತಿ ಕೊಡಬೇಕು. ಹನ್ನೊಂದಕ್ಕೆ ಗಲ್ಲಿಗೆ ಹೋದೆ. ಕಡುನೀಲಿ ರಟ್ಟು, ಚಿನ್ನದ ಅಕ್ಷರ, ನೋಡಲು ಚೆಂದವಿತ್ತು. ತೆರೆದೆ. ಪುಟ ಎಡಕ್ಕೆ ತೆರೆಯಲಿಲ್ಲ, ಬಲಕ್ಕೆ ತೆರೆಯಿತು. ಪ್ರತಿ ಸಾಲಿನ ಕೊನೆಯ ಅಕ್ಷರಗಳು ಹೊಲಿಗೆಯೊಳಗೆ ಹೂತುಹೋಗಿದ್ದವು. ಮೂರಕ್ಕೆ ಮೂರೂ ಹಾಗೇ! ಆ ವಾರವೆಲ್ಲ ಚಾಚಾ ಉರ್ದು ಪುಸ್ತಕಗಳ ರಾಶಿ ಕಟ್ಟಿದ್ದರು. ಬಲದಿಂದ ಎಡಕ್ಕೆ ಓದುವ ಉರ್ದು ಪುಸ್ತಕಕ್ಕೆ ಹೊಲಿಗೆ ಬಲಕ್ಕೆ ತಾನೇ. ಆ ಕೈ ನನ್ನ ವೀರಗಲ್ಲುಗಳನ್ನೂ ಹಾಗೆಯೇ ಹೊಲಿದುಬಿಟ್ಟಿತ್ತು.

ನಿಜ ಹೇಳುತ್ತೇನೆ, ಒಂದು ಕ್ಷಣ ಖುಷಿಯಾಯಿತು. ಒಪ್ಪಿಸಲಾಗಲಿಲ್ಲ, ಪದವಿ ಬರಲಿಲ್ಲ, ತಪ್ಪು ಬೈಂಡಿಂಗಿನವರದು. ಎಲ್ಲರಿಗೂ ಹೇಳಲು ಎಷ್ಟು ಸಲೀಸು! ಮರುಕ್ಷಣವೇ ಗಲ್ಲಿಯ ನಡುವೆ ನಿಂತು ಅಳಲು ಶುರುಮಾಡಿದೆ. ನಲವತ್ತನಾಲ್ಕರ ಹೆಂಗಸು, ನಾಚಿಕೆಗೇಡು.

ಚಾಚಾ ಕನ್ನಡಕ ತೆಗೆದು ಒರೆಸಿಕೊಂಡರು. ತಪ್ಪು ತಮ್ಮದೇ ಎಂದು ಒಪ್ಪಿಕೊಂಡು, ಊಟಕ್ಕೆ ಏಳುವವರು ಏಳದೆ, ಒಂದೊಂದೇ ಹೊಲಿಗೆ ಬಿಚ್ಚತೊಡಗಿದರು. ಸ್ವಲ್ಪ ಹೊತ್ತಿಗೆ ತಲೆ ಎತ್ತದೆ ಕೇಳಿದರು.

"ಇದು ಪಾಸಾದ್ರೆ ಏನ್ ಸಿಗುತ್ತೆ ಅಮ್ಮಾ?"

ಅತ್ತೆಗೆ ಹೇಳಿದ್ದು, ಮ್ಯಾನೇಜರಿಗೆ ಹೇಳಿದ್ದು ಎಲ್ಲ ಬಾಯಿಗೆ ಬಂತು. ಆದರೆ ಅತ್ತು ಸುಸ್ತಾಗಿತ್ತು.

"ಏನೂ ಸಿಗಲ್ಲ ಚಾಚಾ."

"ಏನೂ ಸಿಗಲ್ಲಾಂದ್ರೆ ಕಳ್ಕೊಳೋಕೂ ಏನಿಲ್ವಲ್ಲಮ್ಮಾ. ಓದಿದ್ದಂತೂ ಓದಾಗಿದೆ. ಈ ದಾರ ಹಿಡ್ಕೊಳಿ."

ದಾರ ಹಿಡಿದುಕೊಂಡೆ. ಆಮೇಲೆ ಅವರು ಪುಟದಲ್ಲಿದ್ದ ಕಲ್ಲಿನ ಫೋಟೋ ನೋಡಿ ಇದರಲ್ಲೇನು ಬರೆದಿದೆ ಎಂದರು. ಕಳ್ಳರು ಊರಿನ ದನ ಹೊಡೆದುಕೊಂಡು ಹೋದರು, ಇವನೊಬ್ಬ ಬೆನ್ನಟ್ಟಿ ಹೋಗಿ ಹೋರಾಡಿ ಸತ್ತ ಅಂತ ಹೇಳಿದೆ. ಚಾಚಾರ ಸೂಜಿ ನಿಂತಿತು. ದನ ವಾಪಸ್ ಬಂದವಾ ಎಂದು ಕೇಳಿದರು. ಬಂದವು ಅಂದೆ. ಅವರಿಗೆ ಸಮಾಧಾನವಾಯಿತು, ಸೂಜಿ ಮುಂದೆ ಹೋಯಿತು. ಎರಡು ವರ್ಷದಲ್ಲಿ ಅದರೊಳಗೇನಿದೆ ಅಂತ ನನ್ನನ್ನು ಕೇಳಿದವರು ಅವರೊಬ್ಬರೇ.

ಮೂರೂವರೆಗೆ ಮೂರು ಪ್ರತಿಯೂ ಎಡಕ್ಕೆ ಕೂತವು. ಬಲ ಅಂಚಿನಲ್ಲಿ ಹಳೆಯ ಸೂಜಿ ತೂತುಗಳು ಹಾಗೇ ಉಳಿದವು. ಆಟೋದಲ್ಲಿ ಅಂಟು ಹಸಿ ಇರುವಾಗಲೇ ಒಯ್ದು ಒಪ್ಪಿಸಿದೆ.

ಆರು ತಿಂಗಳಿಗೆ ಕೆಲಸ ಹೋಗಿಯೇ ಹೋಯಿತು. ಡೇಟಾ ಕಲಿತವರದ್ದೂ ಹೋಯಿತು ಅನ್ನಿ. ಕಮ್ಮನಹಳ್ಳಿಯಲ್ಲಿ ಸಂದರ್ಶನಕ್ಕೆ ಕರೆದಾಗ ಬಯೋಡೇಟಾದಲ್ಲಿ ಎಂ.ಎ. ಇತ್ತು, ನಾನು ಅಳಿಸಿರಲಿಲ್ಲ. ಇದು ಕೆಲಸಕ್ಕೆ ಉಪಯೋಗವಾಗುತ್ತಾ ಎಂದು ಕೇಳಿದರು. ಇಲ್ಲ, ಓದಬೇಕು ಅನ್ನಿಸ್ತು, ಓದಿದೆ ಅಂದೆ. ಯಾರೂ ನಗಲಿಲ್ಲ. ಮುಂದಿನ ಪ್ರಶ್ನೆಗೆ ಹೋದರು. ಕೆಲಸ ಸಿಕ್ಕಿತು, ಅದೂ ಹಳೆಯ ಅನುಭವದ ಮೇಲೆ. ಇಷ್ಟಕ್ಕೇ ನಾನು ಎರಡು ವರ್ಷ ನಿದ್ದೆಗೆಟ್ಟಿದ್ದೆನಾ ಅಂತ ಮೆಟ್ಟಿಲಿಳಿಯುವಾಗ ನಗು ಬಂತು. ಮನಸ್ಸು ಎಷ್ಟು ಹಗುರಾಯಿತೆಂದರೆ, ಬಸ್ ಸ್ಟಾಪ್ ದಾಟಿ ಎಷ್ಟೋ ದೂರ ಸುಮ್ಮನೆ ನಡೆದೆ.

ಚಾಚಾರಿಗೆ ಹೇಳಬೇಕು ಅಂದುಕೊಂಡೆ. ಮುಂದಿನ ಭಾನುವಾರ, ಮುಂದಿನ ಭಾನುವಾರ... ಕೊನೆಗೂ ಹೋದಾಗ ಅಲ್ಲಿ ಮೊಬೈಲ್ ಕವರುಗಳು ನೇತಾಡುತ್ತಿದ್ದವು. ಚಾಚಾ ತೀರಿಕೊಂಡು ವರ್ಷವಾಯಿತು ಎಂದು ಪಕ್ಕದ ಬಟ್ಟೆ ಅಂಗಡಿಯವರು ಹೇಳಿದರು.

ಈಗ ಯಾರು ಕೇಳಿದರೂ ಆ ವಯಸ್ಸಿನಲ್ಲಿ ಯಾಕೆ ಓದಿದೆ ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತೇನೆ, ಹೆದರಿಕೆಯಿಲ್ಲ. ಚಾಚಾರ ಹತ್ತಿರ ಹೋಗಲು ಯಾಕೆ ಅಷ್ಟು ತಡ ಮಾಡಿದೆ ಅಂತ ಕೇಳಿದರೆ ಮಾತ್ರ, ಹೇಳಲು ನನ್ನ ಬಳಿ ಒಂದು ಸುಳ್ಳೂ ಇಲ್ಲ.