ಕಟ್ಟಿನಿಂದ ಕಿತ್ತ ಕಸಬರಿಗೆ

ಬೇವಿನ ಟೊಂಗೆಗೆ ತೂಗುಹಾಕಿದ್ದ ಕಸಬರಿಗೆಗಳ ಕಟ್ಟು ದೂರದಿಂದ ನೇಣು ಬಿದ್ದ ಮನುಷ್ಯನ ಹಾಗೆ ಕಾಣುತ್ತಿತ್ತು. ಮುಷ್ಕರ ಹೂಡಿದ ದಿನ ಪೌರಕಾರ್ಮಿಕರು ತಮ್ಮ ತಮ್ಮ ಕಸಬರಿಗೆ ತಂದು ಒಂದೇ ಹಗ್ಗದಲ್ಲಿ ಬಿಗಿಯುವುದು ಅವರ ಸಂಘದ ಪದ್ಧತಿ. ನಡುವೆ ಯಾರಾದರೂ ಕದ್ದು ಕಸ ಹೊಡೆದರೆ ಅವರ ಕಸಬರಿಗೆಯನ್ನು ಎಲ್ಲರೆದುರು ಕಿತ್ತು ರಸ್ತೆಗೆ ಎಸೆಯುತ್ತಿದ್ದರು. ಅಲ್ಲಿಗೆ ಅವರಿಗೂ ಸಂಘಕ್ಕೂ ಋಣ ಹರಿಯಿತು. ಹೋದ ಮುಷ್ಕರದಲ್ಲಿ ಪರಮಾನಂದ ಮಗಳ ಮದುವೆಯ ಹಂದರದ ಮುಂದೆ ನಾಲ್ಕು ಕೈ ಕಸಬರಿಗೆ ಆಡಿಸಿ ಸಿಕ್ಕಿಬಿದ್ದ. ಅವನದನ್ನು ಕಿತ್ತೆಸೆದವಳು ಅಧ್ಯಕ್ಷೆ ತಿಪ್ಪವ್ವ. ಕಬ್ಬು ಕಡಿಯಲು ಸೋಲಾಪುರದ ಕಡೆ ಹೋದವನು ಇನ್ನೂ ತಿರುಗಿ ಬಂದಿಲ್ಲ.

ತಿಪ್ಪವ್ವ ತಾಂಬಾದಿಂದ ಈ ಊರಿಗೆ ಸೊಸೆಯಾಗಿ ಬಂದವಳು. ಗಂಡ ಸೋಮನಿಂಗನ ಜೊತೆ ಅವಳಿಗೂ ಗುತ್ತಿಗೆದಾರನ ಕೈಕೆಳಗೆ ಕೆಲಸ ಸಿಕ್ಕಾಗ ಬದುಕು ಹಸನಾಯಿತು ಅಂದುಕೊಂಡಿದ್ದಳು. ಒಂದು ಶ್ರಾವಣದಲ್ಲಿ, ಕಟ್ಟಿಕೊಂಡ ಗಟಾರದ ಗುಂಡಿಗೆ ಇಳಿದ ಸೋಮನಿಂಗ ಜೀವಂತ ಮೇಲೆ ಬರಲಿಲ್ಲ. "ಆಂವ ನಮ್ಮಾಂವ ಅಲ್ಲ," ಅಂದ ಗುತ್ತಿಗೆದಾರ. ಪುರಸಭೆಯೂ ಅದನ್ನೇ ಅಂದಿತು. ಹೆಣದ ಮೈಮೇಲಿನ ರಾಡಿ ತೊಳೆಯಲು ಬಂದ ನಾಲ್ಕು ಮಂದಿಯೇ ಸಂಘದ ಮೊದಲ ಸದಸ್ಯರು. ಗುಂಡಿಗೆ ಯಾರನ್ನೂ ಇಳಿಸಬಾರದು, ಗುತ್ತಿಗೆ ಹೋಗಿ ಕೆಲಸ ಕಾಯಂ ಆಗಬೇಕು, ಸತ್ತರೆ ಇವನು ನಮ್ಮವನು ಅಂತ ಪುರಸಭೆ ಒಪ್ಪಬೇಕು. ಅಂದಿನಿಂದ ಅವರು ಕೇಳುತ್ತ ಬಂದದ್ದು ಇಷ್ಟೇ.

ಈ ಸಲ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಎಲ್ಲ ಕಡೆ ಒಟ್ಟಿಗೆ ಹಗ್ಗ ಬಿಗಿದಿದ್ದರು. ಊರು ಗಬ್ಬೆದ್ದು ನಾರುತ್ತಿತ್ತು.

"ನಾಳೆ ಮುಂಜಾನೆ ಮುಖ್ಯಾಧಿಕಾರಿ ಮಾತಿಗೆ ಕರದಾರಕ್ಕ," ಅಂತ ಕಾರ್ಯದರ್ಶಿ ಫಕ್ರುದ್ದೀನ ಓಡಿ ಬಂದ. ಕಸದ ಟ್ರ್ಯಾಕ್ಟರ್ ಓಡಿಸುವವನು ಅವನು. "ಇಷ್ಟ ವರ್ಷ ನಮಗ ಮೂಗs ಇಲ್ಲ ಅಂತ ತಿಳಕೊಂಡಿದ್ರು. ಈಗ ತಮ್ಮ ಮೂಗು ನೆನಪಾತು ನೋಡು!"

ಎಲ್ಲರೂ ನಕ್ಕರು. ತಿಪ್ಪವ್ವನ ಜೀವ ಮಾತ್ರ ಸರ್ಕಾರಿ ದವಾಖಾನೆಯಲ್ಲಿತ್ತು. ಮಗಳು ಸುಜಾತಾಳ ಹಸುಗೂಸಿಗೆ ಭೇದಿ ಹಿಡಿದು, ತುಟಿ ಒಣಗಿ, ಅಳುವ ದನಿಯೂ ಕ್ಷೀಣಿಸಿತ್ತು. ಕಿಟಕಿಯ ಹೊರಗೇ ಕೊಳೆತ ಕಸದ ರಾಶಿ. ಅಲ್ಲಿಂದ ಎದ್ದ ನೊಣ ನೇರ ಕೂಸಿನ ಬಾಯಿಗೆ.

"ಯವ್ವಾ, ನೆತ್ತಿ ಮುಟ್ಟಿ ನೋಡಬೇ, ಕುಣಿ ಬಿದ್ದೈತಿ," ಸಂಜೆ ದವಾಖಾನೆಗೆ ಬಂದ ತಾಯಿಯ ಮುಂದೆ ಸುಜಾತಾ ಅತ್ತಳು. "ಊರೆಲ್ಲಾ ಕಸ ಹೊಡದಾಕಿ ನೀ. ನನ್ನ ಕೂಸಿನ ಮುಂದಿಂದು ಹೊಡಿಯಾಕ ನಿನ್ನ ಕೈಗೆ ಏನಾಗೈತಿ?"

ತಿಪ್ಪವ್ವ ಕೂಸಿನ ನೆತ್ತಿ ಮುಟ್ಟಿದಳು. ಬೆರಳು ಒಳಗಿಳಿದದ್ದು ರಾತ್ರಿಯೆಲ್ಲ ಮನಸ್ಸಿನಿಂದ ಹೋಗಲಿಲ್ಲ.

ಬೆಳಗಿನ ಜಾವ ಬಿಸಿನೀರು ತರಲು ಹೊರಟವಳ ಕಣ್ಣಿಗೆ ಚಹಾ ಅಂಗಡಿಯ ಒಲೆಯ ಪಕ್ಕ ಒಟ್ಟಿದ್ದ ತೊಗರಿ ಕಟ್ಟಿಗೆ ಬಿತ್ತು. ಒಂದು ಹಿಡಿ ಎಳೆದು ಸೆರಗಿನ ಚೂರಿನಿಂದ ಕಸಬರಿಗೆಯ ಹಾಗೆ ಬಿಗಿದಳು. ರಾಶಿಯನ್ನು ಕಾಂಪೌಂಡಿನ ಆಚೆ ತಳ್ಳಿ, ಕಿಟಕಿಯ ಮುಂದೆ ಗುಡಿಸಿ, ಹಾಗೇ ರಸ್ತೆಯವರೆಗೂ ಗುಡಿಸುತ್ತ ಹೋದಳು. ಕಿಟಕಿಯಷ್ಟಕ್ಕೇ ನಿಲ್ಲಬಹುದಿತ್ತು. ಆದರೆ ಅರ್ಧಕ್ಕೆ ಬಿಟ್ಟು ಗೊತ್ತಿಲ್ಲದ ಕೈ, ನಿಲ್ಲಲಿಲ್ಲ.

ಬೆಳಕು ಹರಿಯುವ ಹೊತ್ತಿಗೆ ಫಕ್ರುದ್ದೀನ ಬಂದು ನಿಂತಿದ್ದ. ಧೂಳಿನಲ್ಲಿ ಎಡಕ್ಕೆ ಬಾಗಿದ ಗೀರುಗಳು. ಸಂಘದಲ್ಲಿ ಎಡಗೈಯಲ್ಲಿ ಗುಡಿಸುವವಳು ಒಬ್ಬಳೇ.

"ಅಯ್ಯ ಅಕ್ಕ, ಇವತ್ತs ಬೇಕಾಗಿತ್ತೇನ ಇದು?" ಅಂದವನೇ ಕಾಲಿನಿಂದ ಗೀರು ಅಳಿಸಿದ. ಕಾಂಪೌಂಡಿನ ಆಚೆಯ ಕಸವನ್ನು ಬಾಚಿ ಮತ್ತೆ ಕಿಟಕಿಯ ಕಡೆ ಎಳೆಯತೊಡಗಿದ. "ಯಾರೂ ನೋಡಿಲ್ಲ. ಸುಮ್ನ ಒಳಗ ನಡಿ."

ಒಳಗೆ ಕೂಸು ಕೀರಲು ದನಿಯಲ್ಲಿ ಅತ್ತಿತು.

"ಬಿಡು ಫಕ್ರುದ್ದೀನ," ತಿಪ್ಪವ್ವ ಅವನ ರಟ್ಟೆ ಹಿಡಿದಳು. "ಅದನ್ನ ಈ ಕಡಿ ತರಬ್ಯಾಡ. ಪರಮಾನಂದಗ ಒಂದು ನ್ಯಾಯ, ನನಗೊಂದೇನು?"

"ನೀ ಇಲ್ಲದ ಮಾತುಕತಿ ಹೆಂಗಕ್ಕ?"

"ಹಗ್ಗ ಸಡಲಾದ್ರ ಯಾವ ಮಾತುಕತಿನೂ ಇಲ್ಲ."

ಬೇವಿನ ಬುಡದಲ್ಲಿ ಎಲ್ಲರೆದುರು ತಾನು ಗುಡಿಸಿದ್ದನ್ನು ಹೇಳಿ, ತನ್ನ ಕಸಬರಿಗೆಯನ್ನು ತಾನೇ ಕಿತ್ತು ರಸ್ತೆಗೆ ಎಸೆದಳು. ಯಾರೂ ತಡೆಯಲಿಲ್ಲ. ಕಟ್ಟು ಸಡಿಲವಾಗಿ ವಾಲಿದಾಗ ಹೆಂಗಸೊಬ್ಬಳು ಹಗ್ಗ ಎಳೆದು ಬಿಗಿದಳು.

ಮಧ್ಯಾಹ್ನ ಫಕ್ರುದ್ದೀನ ಕಿಟಕಿಯ ಹೊರಗೆ ಬಂದು ನಿಂತ. ಒಳಗೆ ಬರಲಿಲ್ಲ.

"ಯಾರೋ ನೀ ಕಸ ಹೊಡೆಯೋ ಫೋಟೋ ಕಳಿಸಿದ್ರಕ್ಕ. ಮುಖ್ಯಾಧಿಕಾರಿ ಮೊಬೈಲ್ ತೋರಿಸಿ, ರಸ್ತಾ ಹಸನ ಐತಿ, ನಿಮ್ಮ ಮಂದೀನs ಕೆಲಸ ಮಾಡಾಕತ್ತಾರ, ಎಂಥಾ ಮುಷ್ಕರ ಅಂದ್ರು."

"ನೀ ಏನಂದಿ?"

ಅವನು ನೆಲ ನೋಡಿದ. "ಆಕಿ ನಮ್ಮಾಕಿ ಅಲ್ಲ ಅಂದೆ. ಅದಕ್ಕs ಮಾತು ಮುರೀಲಿಲ್ಲ. ನಾಳೆ ಮತ್ತ ಕರದಾರ."

ತಿಪ್ಪವ್ವ ಆ ಮಾತನ್ನು ಮೊದಲು ಕೇಳಿದ್ದು ಗಂಡನ ಹೆಣದ ಪಕ್ಕ ಕೂತಾಗ.

"ಛಲೋ ಅಂದಿ," ಅಂದಳು. ಅವನ ಹಿಂದೆ ಸಂಘದವರು ಯಾರೋ ಒಂದು ಬಕೆಟ್ ಕಸ ತಂದು ಗುಡಿಸಿದ ನೆಲಕ್ಕೆ ಸುರುವಿ ಹೋದರು. ಅವಳು ಕೂಸಿನ ಮುಖಕ್ಕೆ ಸೆರಗು ಅಡ್ಡ ಹಿಡಿದಳು.